ಹತ್ತು ಸಮಸ್ತರಲ್ಲಿ ಯಾರ್ಯಾರು?



ಬ್ರಹ್ಮಕಲಶವಿರಲಿ, ನೇಮವಿರಲಿ, ನಮ್ಮ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ ಒಂದು ಮಾತು ಕಾಣುತ್ತೇವೆ: ‘ಊರ ಹತ್ತು ಸಮಸ್ತರು’, ಅಂದರೆ ಊರಿನವರೆಲ್ಲರೂ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಜ್ಜಿಯ ನೆನಪು. ಕಾಪುವಿನ ಹತ್ತಿರದ ಹಳ್ಳಿಯಲ್ಲಿ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಹೆಂಗಸು. ಗೇಣಿ ಗದ್ದೆಯಲ್ಲಿ ದುಡಿದು ಮೂರು ಮಕ್ಕಳನ್ನು ಸಾಕಿದವಳು. ಊರಿನ ಉತ್ಸವಕ್ಕೆ ಮನೆಮನೆಯಿಂದ ವಂತಿಗೆ ಎತ್ತುವಾಗ ದುಡ್ಡು ಕೊಡುತ್ತಿದ್ದವಳು ಅವಳು. ರಸೀದಿಯಲ್ಲಿ ಬರೆಯುತ್ತಿದ್ದುದು ಎಂಟು ವರ್ಷದ ನನ್ನ ಅಪ್ಪನ ಹೆಸರು. ಅಕ್ಕಿ ಆರಿಸಲು, ತೆಂಗಿನಕಾಯಿ ತುರಿಯಲು, ಅಂಗಳ ಸಾರಿಸಲು ಅವಳು ಬೇಕಿತ್ತು. ಹತ್ತು ಸಮಸ್ತರ ಲೆಕ್ಕದಲ್ಲಿ ಅವಳಿರಲಿಲ್ಲ. ಇವತ್ತು ನಾನು ಆಡುವ ಮಾತೆಲ್ಲ ಆ ರಸೀದಿಯಿಂದ ಹುಟ್ಟಿದ್ದು.

ಯೆಹೂದಿಗಳಲ್ಲಿಯೂ ಒಂದು ಹತ್ತು ಇದೆ. ಅದನ್ನು ಮಿನ್ಯಾನ್ ಎನ್ನುತ್ತಾರೆ. ಹಳೆಯ ಕಟ್ಟಳೆಯಂತೆ ಹದಿಮೂರು ವರ್ಷ ತುಂಬಿದ ಹತ್ತು ಗಂಡಸರು ಸೇರದೆ ಧರ್ಮಗ್ರಂಥವಾದ ತೋರಾದ ಸುರುಳಿಯ ಸಾರ್ವಜನಿಕ ವಾಚನವಿಲ್ಲ, ತೀರಿಕೊಂಡವರಿಗಾಗಿ ಹೇಳುವ ಕದ್ದಿಶ್ ಇಲ್ಲ. ರಬ್ಬಿ ಎಂದರೆ ನಾವು ಅರ್ಚಕರು, ಪಾದ್ರಿಗಳು ಎಂದುಕೊಳ್ಳುತ್ತೇವೆ. ಹಾಗಲ್ಲ. ಅವರು ಧರ್ಮಶಾಸ್ತ್ರ ಬಲ್ಲ ಗುರು. ಅವರಿಲ್ಲದೆ ಪ್ರಾರ್ಥನೆ ನಡೆಯುತ್ತದೆ, ಹತ್ತು ಮಂದಿಯಿಲ್ಲದೆ ಪೂರ್ತಿ ನಡೆಯುವುದಿಲ್ಲ. ಸ್ವರ ಹಿಡಿದು ಪ್ರಾರ್ಥನೆ ಹೇಳಿಸುವವನು ಹಜ್ಜಾನ್. ಬಾಗಿಲು ತೆರೆದು, ದೀಪ ನೋಡಿಕೊಂಡು, ಪುಸ್ತಕ ಜೋಡಿಸುವವನು ಶಮಾಶ್. ಹೆಣ ತೊಳೆದು ಬಟ್ಟೆ ಉಡಿಸುವುದಕ್ಕೂ ಊರಿನವರದ್ದೇ ಒಂದು ಕೂಟವಿರುತ್ತದೆ; ಅದನ್ನು ಎಲ್ಲಕ್ಕಿಂತ ದೊಡ್ಡ ಸೇವೆ ಎಂದು ಭಾವಿಸುತ್ತಾರೆ, ಏಕೆಂದರೆ ಸೇವೆ ಪಡೆದವರು ಅದನ್ನು ತೀರಿಸುವಂತಿಲ್ಲ.

ನಮ್ಮದೇ ಕರಾವಳಿಯ ಬಡಗು ದಿಕ್ಕಿನಲ್ಲಿ, ಕೊಂಕಣದ ಹಳ್ಳಿಗಳಲ್ಲಿ, ಬೆನೆ ಇಸ್ರೇಲ್ ಎಂಬ ಯೆಹೂದಿಗಳು ಶತಮಾನಗಳ ಕಾಲ ರಬ್ಬಿಯಿಲ್ಲದೆಯೇ ಬಾಳಿದರು. ಮರಾಠಿ ಮಾತಾಡುತ್ತ, ಗಾಣದಲ್ಲಿ ಎಣ್ಣೆ ತೆಗೆಯುತ್ತ ಬದುಕಿದ ಜನ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಮದುವೆ, ನ್ಯಾಯ ನೋಡಿಕೊಳ್ಳಲು ಕಾಜಿ, ಮುಕಾದಮ ಎಂಬ ಊರ ಹಿರಿಯರಿದ್ದರು. ಪ್ರವಾದಿ ಎಲಿಯನ ಹೆಸರಿನಲ್ಲಿ ಅವರು ‘ಮಲಿದಾ’ ಇಡುತ್ತಾರೆ: ಅವಲಕ್ಕಿ, ಬೆಲ್ಲ, ತೆಂಗಿನ ತುರಿ, ಮೇಲೆ ಹಣ್ಣು. ಉಡುಪಿಯವರಿಗೆ ಆ ತಟ್ಟೆಯ ಪರಿಚಯ ಮಾಡಿಸಬೇಕಾಗಿಲ್ಲ.

ಮುಂಬಯಿಯಲ್ಲಿ ಅವರ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾಲಯ, 1796ರಲ್ಲಿ ಎದ್ದಿತು. ಕಟ್ಟಿಸಿದವನು ಕಂಪೆನಿ ಸೈನ್ಯದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್. ಮೈಸೂರಿನ ಎರಡನೆಯ ಯುದ್ಧದಲ್ಲಿ ಅವನು ಟಿಪ್ಪುವಿನ ಸೆರೆಯಾಳಾಗಿದ್ದ. ಬೆನೆ ಇಸ್ರೇಲನೆಂದು ತಿಳಿದ ಟಿಪ್ಪುವಿನ ತಾಯಿ ಅವನ ಜೀವ ಉಳಿಸಿದಳು, ಬದುಕಿ ಮರಳಿದರೆ ದೇವರ ಮನೆ ಕಟ್ಟಿಸುವೆನೆಂದು ಹರಸಿಕೊಂಡಿದ್ದ ಎಂದು ಆ ಜನ ಹೇಳಿಕೊಂಡು ಬಂದಿದ್ದಾರೆ. ಹಾಗೆ ನೋಡಿದರೆ ಮುಂಬಯಿಯ ಆ ಪ್ರಾರ್ಥನಾಲಯದ ಪಂಚಾಂಗ ಕನ್ನಡನಾಡಿನ ಸೆರೆಮನೆಯಲ್ಲಿದೆ.

ಇನ್ನೊಂದು ಎಳೆ ಶಿವಮೊಗ್ಗದ್ದು. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. 1890ರಲ್ಲಿ ಅಲ್ಲಿ ಬೆನೆ ಇಸ್ರೇಲ್ ಮನೆತನವೊಂದರಲ್ಲಿ ಜೆರೂಷಾ ಜಿರಾದ್ ಹುಟ್ಟಿದರು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಓದಿದರು, ಲಂಡನ್ನಿಗೆ ಹೋಗಿ 1919ರಲ್ಲಿ ಎಂ.ಡಿ. ಮಾಡಿದರು. ಅವರು ಅಲ್ಲಿದ್ದ ಕಾಲದಲ್ಲಿಯೇ ಲಂಡನ್ನಿನ ಯೆಹೂದಿಗಳ ನಡುವೆ ಉದಾರ ಪಂಥವೊಂದು ಬೇರು ಬಿಟ್ಟಿತ್ತು. 1902ರಲ್ಲಿ ಅದಕ್ಕೆ ನಾಂದಿ ಹಾಡಿದವರಲ್ಲಿ ಲಿಲಿ ಮಾಂಟೆಗು ಎಂಬ ಹೆಂಗಸು ಮೊದಲಿಗರು. ಅಲ್ಲಿ ಗಂಡು ಹೆಣ್ಣು ಒಂದೇ ಸಾಲಿನಲ್ಲಿ ಕೂರುತ್ತಿದ್ದರು, ಕೂತವರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಪ್ರಾರ್ಥನೆ ಇತ್ತು. 1918ರಲ್ಲಿ ಮಾಂಟೆಗು ಅವರೇ ವೇದಿಕೆಗೆ ಬಂದು ಪ್ರವಚನ ಮಾಡಿದರು.

ಜಿರಾದ್ ದೇಶಕ್ಕೆ ಮರಳಿ ದೆಹಲಿಯಲ್ಲಿ, ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಮುಂಬಯಿ ಸೇರಿದರು. 1925ರಲ್ಲಿ ಅಲ್ಲಿ ‘ಜ್ಯೂಯಿಷ್ ರಿಲಿಜಿಯಸ್ ಯೂನಿಯನ್’ ಕಟ್ಟಿದರು. ಭಾರತದ ಉದಾರಪಂಥಿ ಯೆಹೂದಿ ಸಭೆ ಹುಟ್ಟಿದ್ದು ಹಾಗೆ. ‘ರೋಡೆಫ್ ಶಾಲೋಮ್’, ಅಂದರೆ ಶಾಂತಿಯನ್ನು ಅರಸುವವರು, ಎಂಬ ಅದರ ಸಿನಗಾಗ್ ಮುಂಬಯಿಯಲ್ಲಿದೆ. ಕಟ್ಟಿದವರು ರಬ್ಬಿಯಲ್ಲ, ಹಜ್ಜಾನ್ ಅಲ್ಲ. ಹೆರಿಗೆ ಮಾಡಿಸುವ ಡಾಕ್ಟರಮ್ಮ. ಜಗತ್ತಿನಲ್ಲಿ ಮೊದಲ ಸಲ ಒಬ್ಬ ಹೆಂಗಸು, ಬರ್ಲಿನ್ನಿನ ರೆಗಿನಾ ಯೋನಾಸ್, ರಬ್ಬಿ ಪದವಿ ಪಡೆದದ್ದು ಅದಾಗಿ ಹತ್ತು ವರ್ಷಕ್ಕೆ, 1935ರಲ್ಲಿ. ನಾಜಿಗಳು ಆಕೆಯನ್ನು 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು.

ಮುಂಬಯಿಯಲ್ಲಿ ಈ ಸಭೆ ಏಳುವುದಕ್ಕೆ ಎರಡು ವರ್ಷ ಹಿಂದೆ, 1923ರಲ್ಲಿ, ಡಾ. ಈವಾ ಲೊಂಬಾರ್ಡ್ ಎಂಬ ಸ್ವಿಸ್ ಮಹಿಳೆ ಇದೇ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ನಾವು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತೇವಲ್ಲ, ಅದು. ಗಂಡು ಡಾಕ್ಟರ ಮುಂದೆ ಮೈ ತೋರಿಸಲಾರದೆ ಸಾಯುತ್ತಿದ್ದ ಹೆಂಗಸರ ಕಾಲ ಅದು. ಈ ಇಬ್ಬರನ್ನೂ ನಾನು ಜೊತೆಯಲ್ಲಿಟ್ಟು ನೋಡುತ್ತೇನೆ. ಹೆರಿಗೆ ಕೋಣೆಯಲ್ಲಿ ನಿಂತವರಿಗೆ ಯಾರು ಎಣಿಕೆಯಿಂದ ಹೊರಗುಳಿದಿದ್ದಾರೆ ಎಂಬುದು ಬೇಗ ಕಾಣಿಸುತ್ತದೆ ಎಂದು ನನ್ನ ನಂಬಿಕೆ. ಜಿರಾದ್ 1928ರಿಂದ 1947ರವರೆಗೆ ಕಾಮಾ ಆಸ್ಪತ್ರೆಯ ಹೊಣೆ ಹೊತ್ತರು. ಆ ನಡುವೆ ಮುಂಬಯಿ ನಗರದಲ್ಲಿ ಬಾಣಂತಿಯರು ಏಕೆ ಸಾಯುತ್ತಾರೆ ಎಂದು ತನಿಖೆ ಮಾಡಿದರು. 1941ರಲ್ಲಿ ಅದರ ವರದಿ ಅಚ್ಚಾಯಿತು. ಸತ್ತ ತಾಯಂದಿರನ್ನು ಒಬ್ಬೊಬ್ಬರಾಗಿ ಎಣಿಸಿದ ಕೈ, ದೇವರ ಮುಂದೆ ಹೆಂಗಸರನ್ನು ಎಣಿಕೆಗೆ ತಂದ ಕೈ, ಎರಡೂ ಒಂದೇ. 1966ರಲ್ಲಿ ಪದ್ಮಶ್ರೀ ಬಂತು.  ಶಿವಮೊಗ್ಗದ ಮಗಳೆಂದು ನಾವು ಅವರನ್ನು ನೆನೆಯುವುದು ತೀರ ಕಡಿಮೆ. ಈ ವೇದಿಕೆಯಿಂದ ಅವರ ಹೆಸರು ಹೇಳಲು ನನಗೆ ಹೆಮ್ಮೆಯಿದೆ.

ಹೊರಗಿಡುವ ಲೆಕ್ಕ ಹೆಂಗಸರಲ್ಲೇ ನಿಲ್ಲುವುದಿಲ್ಲ. ಇಲ್ಲಿಂದ ಬಸ್ಸಿಗೆ ಒಂದೂವರೆ ತಾಸಿನ ಮಂಗಳೂರಿನಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಟ್ಯುನೀಸಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮನೆ ಹೂಡಿದ್ದ. ಹೆಚ್ಚುಕಡಿಮೆ ಹದಿನೇಳು ವರ್ಷ ಅವನ ಬದುಕು ಈ ಕರಾವಳಿಯದು. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು ಕಳಿಸಿದ. ಕೈರೋದ ಹಳೆಯ ಸಿನಗಾಗ್‌ನ ಉಗ್ರಾಣದಲ್ಲಿ ಉಳಿದ ಕಾಗದಗಳಿಂದ ನಮಗೆ ಅವನ ಪರಿಚಯ. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬರೆದ ಬಿಡುಗಡೆ ಪತ್ರವೊಂದಿದೆ: ಅಶು ಎಂಬ ದಾಸಿಯನ್ನು ಸ್ವತಂತ್ರಳನ್ನಾಗಿಸಿದ್ದಕ್ಕೆ. ಅವಳು ಬೆರಾಖಾ ಎಂಬ ಹೆಸರು ಪಡೆದಳು, ಅವನ ಮಕ್ಕಳ ತಾಯಿಯಾದಳು. ಬಿಡುಗಡೆಗೊಂಡ ಹೆಣ್ಣಿನ ಮಕ್ಕಳ ಸ್ಥಾನವೇನು ಎಂಬ ಪ್ರಶ್ನೆ ಬೆನ್ ಯಿಜುವನ್ನು ಕಾಡಿತು. ಅದರ ಮೇಲೆ ಶಾಸ್ತ್ರದ ಟಿಪ್ಪಣಿಗಳನ್ನೇ ಬರೆದಿಟ್ಟ. ಅವನ ವ್ಯವಹಾರ ನೋಡಿಕೊಂಡು ಏಡನ್ನಿಗೆ ಹೋಗಿಬರುತ್ತಿದ್ದ ದಾಸ ಬೊಮ್ಮನಿಗೆ ಅಲ್ಲಿನ ವರ್ತಕರು ಪತ್ರಗಳಲ್ಲಿ ವಂದನೆ ತಿಳಿಸಿದ್ದಾರೆ. ಆ ಹೆಸರು ತುಳುನಾಡಿನ ದೈವ ಬೆರ್ಮೆರ್ ಕಡೆಗೆ ಕೈ ತೋರುತ್ತದೆ ಎಂದು ಬಿಡಿಸಿ ಹೇಳಿದವರು ನಮ್ಮ ಪ್ರೊ. ಬಿ.ಎ. ವಿವೇಕ ರೈ, ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅದನ್ನು ಬರೆದಿದ್ದಾರೆ.

ಅಶುವಿನ ಮಕ್ಕಳ ಪ್ರಶ್ನೆ ಎಂಟು ನೂರು ವರ್ಷ ಕಳೆದ ಮೇಲೂ ಕೊಚ್ಚಿಯಲ್ಲಿ ಜೀವಂತವಾಗಿತ್ತು. 1568ರ ಪರದೇಶಿ ಸಿನಗಾಗ್‌ನಲ್ಲಿ, ಬಿಡುಗಡೆಗೊಂಡ ದಾಸರ ವಂಶದವರು ಒಳಗಿನ ಆಸನದಲ್ಲಿ ಕೂರುವಂತಿರಲಿಲ್ಲ. ಹೊರ ಕೋಣೆಯಲ್ಲಿ, ನೆಲದ ಮೇಲೆ ಅವರ ಜಾಗ. ತೋರಾ ಓದಲು ಬಾ ಎಂಬ ಕರೆ ಅವರಿಗೆ ಬರುತ್ತಿರಲಿಲ್ಲ. ಅದೇ ವಂಶದಲ್ಲಿ 1882ರಲ್ಲಿ ಹುಟ್ಟಿದ ಅಬ್ರಹಾಂ ಬರಾಕ್ ಸಾಲೆಂ ವಕೀಲರಾದರು, ಕೊಚ್ಚಿಯ ಶಾಸನಸಭೆಯಲ್ಲಿ ಕೂತರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದರು. ಗಾಂಧೀಜಿಯ ಸತ್ಯಾಗ್ರಹವನ್ನು ತಮ್ಮದೇ ಪ್ರಾರ್ಥನಾಲಯದೊಳಕ್ಕೆ ತಂದರು. ಬಹಳ ಕಾಲ ಹಿಡಿಯಿತು, ಆದರೆ ತಡೆಗಳು ಒಂದೊಂದಾಗಿ ಸಡಿಲಿದವು. ಕನಕನ ಕಿಂಡಿಯ ಊರಿನಲ್ಲಿ ಕೂತವರಿಗೆ ಆ ಹೊರ ಕೋಣೆಯ ನೆಲ ಎಷ್ಟು ತಣ್ಣಗಿತ್ತೆಂದು ಗೊತ್ತಾಗುತ್ತದೆ.

ನಮ್ಮ ನೇಮವನ್ನೇ ನೋಡಿ. ಗುತ್ತಿನ ಯಜಮಾನರಿದ್ದಾರೆ, ಪಾತ್ರಿ ಇದ್ದಾರೆ, ಬಟ್ಟೆ ಹಾಸಲು ಮಡಿವಾಳರು, ಅಣಿ ಕಟ್ಟಿ ನಿಲ್ಲಲು ಪಂಬದ, ಪರವ, ನಲಿಕೆಯವರು. ಇಷ್ಟು ಜಾತಿಗಳ ಕೈ ಸೇರದೆ ದೈವ ಏಳುವುದಿಲ್ಲ. ಯಜಮಾನರು ಯಾರಿಗೆ ಕೈಮುಗಿಯುತ್ತಾರೋ ಆ ಮೈ ನಮ್ಮ ಸಮಾಜ ಕೆಳಗಿಟ್ಟ ಮೈ. ಇದು ದೊಡ್ಡ ಸಂಗತಿ, ಇದನ್ನು ಹಗುರವಾಗಿ ನೋಡಬಾರದು. ಆದರೆ ಬಣ್ಣ ಒರೆಸಿಕೊಂಡ ಬೆಳಿಗ್ಗೆ, ಆ ಮನುಷ್ಯ ಸಮಿತಿಯ ಸಭೆಯಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಾನೆಯೇ? ಕೆಲಸದವರು ಎಲ್ಲ ಜಾತಿಯವರಿದ್ದ ಮಾತ್ರಕ್ಕೆ ಅದು ಎಲ್ಲರನ್ನೂ ಒಳಗೊಂಡ ಸಭೆ ಆಗುವುದಿಲ್ಲ. ಯಾರ ಮಾತಿಗೆ ನಿರ್ಣಯ ಬದಲಾಗುತ್ತದೆ ಎಂದು ಕೇಳಬೇಕು.

ಬದಲಾಗುವುದೇ ಇಲ್ಲ ಎನ್ನಲಾರೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾಗಿ ಗರ್ಭಗುಡಿಗೆ ಕಾಲಿಟ್ಟರು. ಸುದ್ದಿ ಓದಿದ ದಿನ ನಾನು ಪತ್ರಿಕೆಯನ್ನು ಮಡಚಿ ಅಜ್ಜಿಯ ಫೋಟೋದ ಹಿಂದೆ ಸಿಕ್ಕಿಸಿದೆ. ಈಗಲೂ ಅಲ್ಲೇ ಇದೆ.

ನಮ್ಮೂರಿನಲ್ಲಿ ಅಜ್ಜಿ ವಂತಿಗೆ ಕೊಡುತ್ತಿದ್ದ ಅದೇ ಉತ್ಸವಕ್ಕೆ ಹೋದ ವರ್ಷ ನನ್ನ ಅಕ್ಕ ದುಡ್ಡು ಕೊಟ್ಟಳು. ರಸೀದಿಯಲ್ಲಿ ಅವಳದ್ದೇ ಹೆಸರು ಬರೆದರು, ಇನಿಶಿಯಲ್ ಸಹಿತ. ವಾರ ಕಳೆದು ಸಮಿತಿಯ ಸಭೆಯಿದೆ ಬನ್ನಿ ಎಂದು ಫೋನು ಬಂತು. ಭಾವನಿಗೆ.