ಅಂಪೈರ್‌ಗೆ ಕಾಣದ ಟಚ್

ನಾನು ಚಳ್ಳಕೆರೆಯವನು. ಇಪ್ಪತ್ತು ವರ್ಷದಿಂದ ಈ ಕಡೆ ಹಳ್ಳಿಗಳಲ್ಲಿ ಕಬಡ್ಡಿಗೆ ಸೀಟಿ ಊದ್ತಾ ಇದ್ದೀನಿ. ಆಟದಲ್ಲಿ ಮೋಸ ಅನ್ನೋ ವಿಷಯ ಮಾತಾಡಿ ಅಂದ್ರು. ಬೇರೆಯವರ ಮೋಸ ಹೇಳೋಕೆ ಮೊದಲು ನನ್ನದೊಂದು ಹೇಳಿಬಿಡ್ತೀನಿ, ಇಲ್ಲದಿದ್ರೆ ಮಾತಿಗೆ ಬೆಲೆ ಇರಲ್ಲ.

ಮೊಳಕಾಲ್ಮುರು ಕಡೆಯ ಒಂದೂರು. ಜಾತ್ರೆ ಮುಗಿದ ಮೇಲೆ ಹೊನಲು ಬೆಳಕಿನ ಪಂದ್ಯಾವಳಿ, 60 ಕೆಜಿ ವಿಭಾಗ. ಸಂಜೆ ತೂಕ ಹಾಕೋ ಹೊತ್ತಿಗೆ ಹುಡುಗರನ್ನ ನೋಡಬೇಕು ನೀವು. ಬೆಳಗಿಂದ ಏನೂ ತಿಂದಿರಲ್ಲ. ಕೆಲವರು ಆ ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಓಡಿ ಬಂದಿರ್ತಾರೆ, ಅರ್ಧ ಕೆಜಿ ಬೆವರು ಇಳೀಲಿ ಅಂತ. ಅವತ್ತು ತೂಕದ ಮಿಷನ್ ಪಕ್ಕದಲ್ಲಿ ನಾನೇ ಕೂತಿದ್ದೆ. ಒಂದು ತಂಡದಿಂದ ಮೀಸೆ ಚಿಗುರದ ಒಬ್ಬ ಹುಡುಗ ಹತ್ತಿ ನಿಂತ, 58 ಬಂತು, ಹೆಸರು ಬರೆದುಕೊಂಡೆ. ರಾತ್ರಿ ಎರಡು ಗಂಟೆಗೆ ಅದೇ ಹೆಸರಲ್ಲಿ ಅಂಕಣಕ್ಕೆ ಇಳಿದವನೇ ಬೇರೆ. ದಪ್ಪ ಮೀಸೆ, ಆಳು ಎತ್ತರ. ಎಪ್ಪತ್ತು ಕೆಜಿಗೆ ಒಂದು ಗ್ರಾಂ ಕಮ್ಮಿ ಇರಲಿಲ್ಲ.

ನನಗೆ ಗೊತ್ತಾಯ್ತು. ಸಂಘಟಕರ ಮುಖ ನೋಡಿದೆ. ‘ಬಿಡಿ ಸಾರ್, ಸೆಮಿಫೈನಲ್ಲು, ಈಗ ಗಲಾಟೆ ಆದ್ರೆ ಜನ ಎದ್ದು ಹೋಗ್ತಾರೆ’ ಅಂದ್ರು. ಸೀಟಿ ಊದಿದೆ.

ಎದುರು ತಂಡದಲ್ಲಿ ಒಬ್ಬ ನೇಕಾರರ ಹುಡುಗ ಇದ್ದ. ಆ ದಪ್ಪ ಮೀಸೆಯವನು ರೈಡ್ ಮುಗಿಸಿ ತಿರುಗೋವಾಗ ಇವನು ಅಡ್ಡ ಬಂದ. ಭುಜದ ಹತ್ತಿರ ‘ಟಕ್’ ಅಂದಿದ್ದು ನನಗೂ ಕೇಳಿಸ್ತು. ಕಾಲರ್ ಬೋನ್ ಮುರಿದಿತ್ತು. ರೇಷ್ಮೆ ಸೀರೆ ನೇಯೋ ಕೈ ಅದು. ಎರಡು ತಿಂಗಳು ಮಗ್ಗಕ್ಕೆ ಕೂರಲಿಲ್ಲ.

ತೂಕದ ನಿಯಮ ಅಂದ್ರೆ ಕಾಗದದ ಕೆಲಸ ಅಂದ್ಕೊಂಡಿದ್ದೆ ನಾನು. ಅದು ಹುಡುಗರ ಮೂಳೆ ಕಾಯೋಕೆ ಇರೋದು.

ಈಗ ದೊಡ್ಡವರ ಕತೆಗೆ ಬರೋಣ. ನಮ್ಮ ಪಕ್ಕದ ಬಳ್ಳಾರಿ ಹೆಸರಲ್ಲಿ ಕೆಪಿಎಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಅಂತ ತಂಡ ಇತ್ತಲ್ಲ, ರಾಂಪುರ, ಹಾನಗಲ್ ಕಡೆ ಹುಡುಗರೆಲ್ಲ ‘ನಮ್ಮ ಟೀಮು’ ಅಂತಿದ್ರು. 2019ರ ಫೈನಲ್ ಮೈಸೂರಲ್ಲಿ ನಡೀತು, ಹುಬ್ಬಳ್ಳಿ ಟೈಗರ್ಸ್ ಗೆದ್ದರು. ನವೆಂಬರ್‌ನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಬಳ್ಳಾರಿ ತಂಡದ ನಾಯಕನೂ ಸೇರಿ ಇಬ್ಬರು ಆಟಗಾರರನ್ನ ಬಂಧಿಸಿದರು. ನಿಧಾನ ಬ್ಯಾಟಿಂಗ್ ಮಾಡೋಕೆ ದುಡ್ಡು ತಗೊಂಡಿದ್ದಾರೆ ಅನ್ನೋ ಆರೋಪ. ಆ ವರ್ಷಕ್ಕೆ ಕೆಪಿಎಲ್ ಕೂಡ ನಿಂತೇ ಹೋಯ್ತು.

ಮುಂದೆ ಆಗಿದ್ದು ಬಹಳ ಜನಕ್ಕೆ ನೆನಪಿಲ್ಲ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ವಂಚನೆ ಕೇಸನ್ನು ರದ್ದು ಮಾಡಿತು. ಐಪಿಸಿ 420ನೇ ಕಲಂ ಪ್ರಕಾರ ವಂಚನೆ ಅನ್ನಬೇಕಾದ್ರೆ ಒಬ್ಬರನ್ನ ನಂಬಿಸಿ ಅವರ ಸ್ವತ್ತು ಕೊಡಿಸಿಕೊಂಡಿರಬೇಕು. ಪ್ರೇಕ್ಷಕರು ಟಿಕೆಟ್ ಕೊಂಡಿದ್ದು ತಾವಾಗಿ, ಹಾಗಾಗಿ ಮ್ಯಾಚ್ ಫಿಕ್ಸಿಂಗ್ ಈ ಕಲಂನಲ್ಲಿ ಬರಲ್ಲ. ಅದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ಆಗಬಹುದು, ಅದಕ್ಕೆ ಶಿಸ್ತು ಕ್ರಮ ತಗೊಳ್ಳೋದು ಬಿಸಿಸಿಐ ಕೆಲಸ ಅಂತ ತೀರ್ಪು.

ನಾನು ವಕೀಲ ಅಲ್ಲ. ಕಾನೂನಿನ ಅಕ್ಷರದಲ್ಲಿ ಅದು ಸರಿ ಇರಬಹುದು, ಆರೋಪ ಸಾಬೀತಾಗದೆ ಯಾರನ್ನೂ ಕಳ್ಳ ಅನ್ನೋದೂ ತಪ್ಪು. ಆದರೆ ಟಿಕೆಟ್ ತಗೊಂಡವನು ಕೊಂಡಿದ್ದೇನು? ಗೆಲ್ಲಬೇಕು ಅಂತ ಆಡೋ ಎರಡು ತಂಡಗಳನ್ನ. ಒಂದು ತಂಡ ಸೋಲೋಕೆ ಆಡಿದ್ರೆ ಅವನಿಗೆ ಸಿಕ್ಕಿದ್ದು ಆಟ ಅಲ್ಲ, ನಾಟಕ. ಬಯಲಾಟ ನೋಡೋಕೆ ನಮ್ಮಲ್ಲಿ ಜನ ಬೆಳಗಿನ ತನಕ ಕೂರ್ತಾರೆ, ಆದರೆ ಬಯಲಾಟ ಅಂತ ಹೇಳಿಯೇ ಕೂರಿಸಿರ್ತಾರೆ.

ಇದಕ್ಕೆ ತದ್ವಿರುದ್ಧ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. 1980ರ ಫೆಬ್ರವರಿ, ಬೊಂಬಾಯಿನ ವಾಂಖೆಡೆಯಲ್ಲಿ ಇಂಗ್ಲೆಂಡ್ ಮೇಲೆ ಜುಬಿಲಿ ಟೆಸ್ಟ್. ವಿಶಿ ನಾಯಕ. ಇಂಗ್ಲೆಂಡ್ 58ಕ್ಕೆ 5. ಆಮೇಲೆ ಬಾಬ್ ಟೇಲರ್ ಕ್ಯಾಚ್ ಆದ್ರು ಅಂತ ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಸ್ಲಿಪ್‌ನಲ್ಲಿದ್ದ ವಿಶಿಗೆ ಅನ್ನಿಸ್ತು. ಅಂಪೈರ್ ಹತ್ತಿರ ಹೋಗಿ ತೀರ್ಪು ವಾಪಸ್ ತಗೊಳ್ಳಿ ಅಂದ್ರು, ಟೇಲರ್‌ನ ಕರೆಸಿದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ. ಭಾರತ ಹತ್ತು ವಿಕೆಟ್‌ನಿಂದ ಸೋತಿತು. ವಿಶಿ ನಾಯಕರಾಗಿದ್ದು ಒಟ್ಟು ಎರಡೇ ಟೆಸ್ಟ್, ಅದು ಎರಡನೆಯದು. ಒಳ್ಳೇದು ಮಾಡಿದ್ರೆ ಗೆಲುವು ಖಾತ್ರಿ ಅಂತ ಮಕ್ಕಳಿಗೆ ಹೇಳೋರಿಗೆ ಈ ಕತೆ ಅಷ್ಟು ಅನುಕೂಲ ಅಲ್ಲ ಬಿಡಿ.

ಕಬಡ್ಡೀಲಿ ಈ ಪರೀಕ್ಷೆ ಪ್ರತಿ ರೈಡ್‌ಗೂ ಬರುತ್ತೆ. ರೈಡರ್ ಬೆರಳ ತುದಿ ಡಿಫೆಂಡರ್ ಅಂಗಿಗೆ ಸವರಿ ಹೋಗಿರುತ್ತೆ, ಧೂಳಲ್ಲಿ, ಆ ಮಬ್ಬು ಲೈಟಲ್ಲಿ ನನಗೆ ಕಾಣಲ್ಲ. ಮುಟ್ಟಿಸಿಕೊಂಡವನಿಗೆ ಮಾತ್ರ ಗೊತ್ತು. ತಾನಾಗಿ ಕೈ ಎತ್ತಿ ಹೊರಗೆ ನಡೆಯೋ ಹುಡುಗರು ಈಗಲೂ ಇದ್ದಾರೆ. ಅವರದೇ ತಂಡದವರು ಬೈತಾರೆ, ‘ನಿನಗ್ಯಾಕೋ ಬೇಕಿತ್ತು’ ಅಂತ.

ಆ ನೇಕಾರರ ಹುಡುಗನೂ ಹಾಗೆ ಕೈ ಎತ್ತೋನು. ಭುಜ ಮುರಿಯೋಕೆ ಮೊದಲು, ಅದೇ ಪಂದ್ಯದಲ್ಲಿ, ನಾನು ನೋಡದ ಒಂದು ಟಚ್‌ಗೆ ಹೊರಗೆ ಹೋಗಿ ಕೂತಿದ್ದ.

ಈಗ ನಾನು ತೂಕ ಹಾಕಿದ ಪ್ರತಿಯೊಬ್ಬನ ಕೈ ಮೇಲೂ ಸ್ಕೆಚ್ ಪೆನ್ನಲ್ಲಿ ನಂಬರ್ ಬರೆದು ಸಹಿ ಮಾಡ್ತೀನಿ. ಅಂಕಣಕ್ಕೆ ಇಳಿಯೋವಾಗ ಕೈ ತೋರಿಸಬೇಕು. ಇದಕ್ಕೇ ಎರಡು ಊರಿನವರು ನನ್ನ ಕರೆಯೋದು ಬಿಟ್ಟಿದ್ದಾರೆ.

ಹೋದ ವರ್ಷ ಮೊಳಕಾಲ್ಮುರಿಗೆ ಹೋದಾಗ ಅವನ ಮನೆಗೆ ಹೋದೆ. ಮಗ್ಗದಲ್ಲಿ ಕೂತಿದ್ದ. ಕಾಫಿ ಕೊಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, ‘ಸಾರ್, ಅವತ್ತು ಅವನು ಬೇರೆಯವನು ಅಂತ ನಿಮಗೆ ಗೊತ್ತಿತ್ತಾ?’

ಗೊತ್ತಿತ್ತಪ್ಪ ಅಂದೆ.

‘ನಮಗೂ ಗೊತ್ತಿತ್ತು ಸಾರ್. ನೀವು ಹೇಳ್ತೀರಿ ಅಂತ ಕಾಯ್ತಿದ್ವಿ’ ಅಂದ, ಲಾಳಿ ಕೈಗೆ ತಗೊಂಡ.