ಕಟ್ಟಿಸಿದವರು ಮತ್ತು ನಡೆಸಿದವರು



ಲೆಕ್ಕಪರಿಶೋಧಕನನ್ನು ಭಾಷಣಕ್ಕೆ ಕರೆದರೆ ಲೆಕ್ಕದ ಮಾತೇ ಬರುತ್ತದೆ, ಕ್ಷಮಿಸಿ. ನಮ್ಮ ಕನ್ನಡ ಭವನದ ನಿಧಿಯ ಬಗ್ಗೆ ಮಾತಾಡಲು ಹೇಳಿದಾಗ ನನಗೆ ನೆನಪಾದದ್ದು ಗ್ಲಾಸ್ಗೋ ಪಕ್ಕದ ಪೇಸ್ಲಿ ಪಟ್ಟಣ.

ನಮ್ಮಮ್ಮ ಕಸೂತಿಗೆ ಬಳಸುತ್ತಿದ್ದ ಆಂಕರ್ ದಾರ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಅದು ಕೋಟ್ಸ್ ಕಂಪನಿಯದು. ಜೇಮ್ಸ್ ಕೋಟ್ಸ್ 1826ರಲ್ಲಿ ಪೇಸ್ಲಿಯ ಫರ್ಗಸ್ಲಿಯಲ್ಲಿ ದಾರದ ಗಿರಣಿ ಕಟ್ಟಿದರು. ಮಗ ಥಾಮಸ್ 1868ರಲ್ಲಿ ಊರಿಗೆ ಫೌಂಟನ್ ಗಾರ್ಡನ್ಸ್ ಉದ್ಯಾನ ಕೊಟ್ಟರು. ಆಮೇಲೆ ಚುನಾಯಿತ ಶಾಲಾ ಮಂಡಳಿಗೆ ಅಧ್ಯಕ್ಷರಾದರು, ಖಗೋಳ ವೀಕ್ಷಣಾಲಯಕ್ಕೆ ಹಣ ಕೊಟ್ಟರು. ಅಣ್ಣ ಸರ್ ಪೀಟರ್ ಗ್ರಂಥಾಲಯ ಮತ್ತು ಮ್ಯೂಸಿಯಂ ಕಟ್ಟಿಸಿದರು. ಅದು 1871ರಲ್ಲಿ ತೆರೆಯಿತು. ಇನ್ನೊಂದು ದಾರದ ಮನೆತನವಾದ ಕ್ಲಾರ್ಕ್‌ರು ಸುಮ್ಮನಿದ್ದಾರೆಯೇ? ಅವರ ದುಡ್ಡಿನಲ್ಲಿ ಟೌನ್ ಹಾಲ್ ಎದ್ದಿತು!

ಆ ಗಿರಣಿಗಳಲ್ಲಿ ದುಡಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಅರ್ಧ ದಿನ ಶಾಲೆ, ಅರ್ಧ ದಿನ ಕೆಲಸ ಎಂಬಂತಿದ್ದ ಮಕ್ಕಳೂ ಇದ್ದರು. ದಾನದ ಕಲ್ಲುಗಳ ಮೇಲೆ ಅವರ ಹೆಸರಿಲ್ಲ. ಇದನ್ನೂ ಜಮಾಖರ್ಚಿನಲ್ಲಿ ಬರೆಯಬೇಕು.

ನನ್ನ ಕಣ್ಣು ಹೋಗುವುದು ಗ್ರಂಥಾಲಯದ ಲೆಕ್ಕದ ಮೇಲೆ. ಪೀಟರ್ ಕಟ್ಟಡ ಕೊಡುವ ಮೊದಲೇ, 1867ರಲ್ಲಿ, ಊರಿನವರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಒಪ್ಪಿಕೊಂಡಿದ್ದರು. ಆಸ್ತಿಯ ಬಾಡಿಗೆ ಮೌಲ್ಯದ ಮೇಲೆ ಪೌಂಡಿಗೆ ಒಂದು ಪೆನ್ನಿಯವರೆಗೆ ತೆರಿಗೆ. ಆಗ ಪೌಂಡಿಗೆ 240 ಪೆನ್ನಿ, ಅಂದರೆ ಶೇಕಡಾ ಅರ್ಧಕ್ಕಿಂತ ಕಡಿಮೆ. ಕಟ್ಟಡ ದಾನಿಯದು, ನಿತ್ಯದ ಖರ್ಚು ಊರಿನದು. ಗಿರಣಿಗಳು ಮುಚ್ಚಿದವು, ಮ್ಯೂಸಿಯಂ ಇಂದಿಗೂ ಸ್ಥಳೀಯ ಕೌನ್ಸಿಲ್‌ನ ಹೊಣೆಯಲ್ಲಿದೆ.

ಅದೇ ಮನೆತನ ಥಾಮಸ್ ನೆನಪಿಗೆ ಕಟ್ಟಿಸಿದ ಭಾರಿ ಬ್ಯಾಪ್ಟಿಸ್ಟ್ ಚರ್ಚ್ 1894ರಲ್ಲಿ ತೆರೆಯಿತು. ಚೆಲುವಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಪೆನ್ನಿ ತೆರಿಗೆಯ ಆಸರೆ ಅದಕ್ಕಿರಲಿಲ್ಲ. ಸದಸ್ಯರು ಕರಗುತ್ತ ಬಂದು 2018ರಲ್ಲಿ ಆರಾಧನೆ ನಿಂತಿತು.

ಈಗ ನಿಮ್ಮ ಕೈಯಲ್ಲಿರುವ ಕರಪತ್ರ ನೋಡಿ. ದಾನಿಗಳ ಹೆಸರು ಕೆತ್ತಿಸುವ ದರಪಟ್ಟಿ ಅಚ್ಚುಕಟ್ಟಾಗಿದೆ. ಹೀಟಿಂಗ್, ವಿಮೆ, ಛಾವಣಿ ರಿಪೇರಿ ಯಾರ ತಲೆಗೆ ಅನ್ನುವ ಸಾಲೇ ಇಲ್ಲ. ಎರಡನೇ ಪುಟದಲ್ಲಿ ಆ ಸಾಲು ಸೇರುವ ತನಕ ನನ್ನ ಚೆಕ್ಕು ಜೇಬಿನಲ್ಲೇ ಇರುತ್ತದೆ. ಖಜಾಂಚಿಯವರೇ, ಊಟಕ್ಕೆ ಮುಂಚೆ ಹತ್ತು ನಿಮಿಷ ಸಿಗುತ್ತದೆಯೇ?