ಹೊನ್ನು ಮಾಡುವ ಸೂತ್ರ



ನಮ್ಮ ಚಿಗಟೇರಿಯ ನಾರದಮುನಿಗೆ ಮೂರು ಲೋಕಗಳಲ್ಲಿಯೂ ಸಂಚಾರವುಂಟು. ಒಂದೆಡೆ ಕಂಡುದನ್ನು ಇನ್ನೊಂದೆಡೆ ಹೇಳದೆ ಆತನು ಇರಲಾರನು. ಆ ಊರಿನವರಾದ ನಾವೂ ಇಂದು ಒಂದು ಸುದ್ದಿಯನ್ನು ಹೊತ್ತು ಬಂದಿದ್ದೇವೆ. ದೊರೈ–ಭಗವಾನ್ ಜೋಡಿಯು 1968ರಲ್ಲಿ ನಿರ್ದೇಶಿಸಿದ ‘ಜೇಡರ ಬಲೆ’ ಎಂಬ ಕನ್ನಡ ಚಲಚ್ಚಿತ್ರವನ್ನು ತಾವು ಇನ್ನೊಮ್ಮೆ ನೋಡಬೇಕೆಂಬುದು ನಮ್ಮ ಬಿನ್ನಹ.

ರಾಜಕುಮಾರರು ಸಿ.ಐ.ಡಿ. 999 ಆಗಿ ಅಭಿನಯಿಸಿದ ಇದನ್ನು ಪತ್ತೇದಾರಿ ಚಿತ್ರವೆಂದೇ ಎಲ್ಲರೂ ಬಲ್ಲರು. ಆಂಗ್ಲರ ಜೇಮ್ಸ್ ಬಾಂಡನ ಛಾಯೆಯಷ್ಟೇ ಎಂದು ವಿದ್ಯಾರ್ಥಿದಶೆಯಲ್ಲಿ ಮೂಗು ಮುರಿದವರಲ್ಲಿ ನಾವೂ ಒಬ್ಬರು. ಆ ತಪ್ಪನ್ನು ಈಗ ಒಪ್ಪಿಕೊಳ್ಳುತ್ತೇವೆ. ಕಥೆಯ ಬೇರಿನಲ್ಲಿರುವುದು ವಿಜ್ಞಾನದ ಒಂದು ಕಲ್ಪನೆ. ಸಾಧಾರಣ ಲೋಹವನ್ನು ಚಿನ್ನವಾಗಿಸುವ ಸೂತ್ರವನ್ನು ವಿಜ್ಞಾನಿಯೊಬ್ಬನು ಕಂಡುಹಿಡಿಯುತ್ತಾನೆ. ಅದಕ್ಕಾಗಿ ದುಷ್ಟರು ಬಲೆ ಬೀಸುತ್ತಾರೆ.

ಈ ಕಲ್ಪನೆಯು ನಮ್ಮ ಮನೆಯ ಬಾಗಿಲಿಗೂ ಒಮ್ಮೆ ಬಂದಿತ್ತು. ಚಿನ್ನವನ್ನು ಇಮ್ಮಡಿ ಮಾಡಿಕೊಡುವೆನೆಂದ ಸಾಧುವೇಷದವನೊಬ್ಬನಿಗೆ ನಮ್ಮ ಅಜ್ಜಿ ತವರಿನ ಬಳೆಗಳನ್ನು ಬಿಚ್ಚಿಕೊಟ್ಟರು. ಮಡಕೆಯಲ್ಲಿ ಉಳಿದುದು ಬೂದಿ. ಆಕೆ ಅವನನ್ನು ಕೊನೆಯವರೆಗೂ ಬೈಯಲಿಲ್ಲ. “ಆಸೀಗೆ ಬಿದ್ದು ನಾನೇ ಕೊಟ್ಟೆನಪ್ಪಾ” ಎನ್ನುತ್ತಿದ್ದರು.

ಹಾಗಾದರೆ ಪರುಷದ ಕನಸು ಬರಿಯ ಸುಳ್ಳೇ? ಹಾಗೆಂದೂ ಹೇಳುವಂತಿಲ್ಲ. ಸೀಸದ ಪರಮಾಣುವಿನಲ್ಲಿ 82 ಪ್ರೋಟಾನುಗಳು, ಚಿನ್ನದಲ್ಲಿ 79. ಮೂರನ್ನು ಕಳೆದರೆ ಸೀಸವೇ ಚಿನ್ನ. ಆದರೆ ಒಲೆಯ ಬೆಂಕಿಗಾಗಲಿ ಆಮ್ಲಕ್ಕಾಗಲಿ ಪರಮಾಣುವಿನ ಗರ್ಭವು ಅಲುಗದು. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ 2015ರಿಂದ 2018ರವರೆಗೆ ಸೀಸದ ಪರಮಾಣುಕೇಂದ್ರಗಳನ್ನು ಬೆಳಕಿನದಕ್ಕೆ ಸಮೀಪವಾದ ವೇಗದಲ್ಲಿ ಎದುರುಬದುರಾಗಿ ಓಡಿಸಿದಾಗ ಸುಮಾರು 8,600 ಕೋಟಿ ಚಿನ್ನದ ಪರಮಾಣುಕೇಂದ್ರಗಳು ಹುಟ್ಟಿದುವೆಂದು 2025ರಲ್ಲಿ ಪ್ರಕಟವಾಯಿತು. ಅವೆಲ್ಲವುಗಳ ತೂಕ, ಒಂದು ಗ್ರಾಮನ್ನು ಲಕ್ಷಕೋಟಿ ಭಾಗ ಮಾಡಿದರೆ ಅದರಲ್ಲಿ 29 ಭಾಗ! ಅದೂ ಕ್ಷಣಮಾತ್ರ ನಿಲ್ಲದೆ ಚೂರಾಯಿತು.

ನಮ್ಮ ಕೋಲಾರದಲ್ಲಿಯಾದರೋ ಈ ಲೋಹಕ್ಕಾಗಿ ಮನುಷ್ಯರು ಮೂರು ಸಾವಿರ ಮೀಟರಿಗಿಂತಲೂ ಆಳಕ್ಕೆ ಇಳಿದರು. 2001ರಲ್ಲಿ ಆ ಗಣಿಗಳೂ ಮುಚ್ಚಿದುವು. ಇಂತಹ ದುರ್ಲಭತೆಯಿಂದಲೇ ಚಿನ್ನಕ್ಕೆ ಬೆಲೆ. ಕಬ್ಬಿಣವೆಲ್ಲವೂ ಹೊನ್ನಾದ ದಿನ ಆ ಹೊನ್ನನ್ನು ಕೊಳ್ಳುವವರಾರು? ರೈತನ ನೇಗಿಲಿಗೆ ಕುಳ ಎಲ್ಲಿಂದ ಬಂದೀತು?

ಚಿತ್ರದಲ್ಲಿ ವಿಜ್ಞಾನದ ವಿವರಣೆ ಅಲ್ಪವೆಂಬುದನ್ನು ಮರೆಮಾಚಲಾರೆವು. ಹಾಡು, ಹೊಡೆದಾಟ, ನರಸಿಂಹರಾಜುರವರ ಹಾಸ್ಯ ಇವು ಮುಂದಾಗಿವೆ. ಆದರೂ, ಇಂತಹ ಜ್ಞಾನವು ಹುಟ್ಟಿದರೆ ಯಾರ ಕೈ ಸೇರಬೇಕೆಂಬ ಪ್ರಶ್ನೆಯು ಅದರಲ್ಲಿದೆ. ಪರಮಾಣುವಿನ ಯುಗದಲ್ಲಿ ಬಾಳುವ ನಾವು ಅದನ್ನು ಹಗುರವಾಗಿ ಕಾಣಲಾಗದು.

ಆದುದರಿಂದ ಈ ಕಪ್ಪುಬಿಳುಪಿನ ಚಿತ್ರವನ್ನು ಮನೆಯ ಹಿರಿಯರೊಡನೆ ಕುಳಿತು ನೋಡಿರಿ. ಮುಗಿದ ಮೇಲೆ ಅವರನ್ನು ಮಾತನಾಡಿಸಿರಿ; ಅವರಲ್ಲಿಯೂ ಬಳೆಯ ಕಥೆಯೊಂದು ಇದ್ದೀತು.